ಅಕ್ಕನ ಫೋನಿಗೆ ಹೋದ ನನ್ನ ಓಟಿಪಿ

ಮಾನ್ಯ ಉದ್ದಿಮೆ ನೋಂದಣಿ ಅರ್ಜಿಯವರೇ,

ಕಂಪ್ಯೂಟರಿನೊಳಗೆ ಕಣ್ಣು ಮುಚ್ಚದೆ ಕುಳಿತಿರುವ ತಮಗೆ, ಆಳಂದದಿಂದ, ಹಿಟ್ಟಿನ ಕೈ ತೊಳೆದುಕೊಂಡು ಶರಣು ಶರಣಾರ್ಥಿ.

ಮೊನ್ನೆ ಕೆಟ್ಟ ಕನಸು ಬಿತ್ತು. ಹೆಂಚಿನ ಮೇಲೆ ಉಬ್ಬಿದ ಒಂದೊಂದು ಜೋಳದ ರೊಟ್ಟಿಯ ಮೇಲೂ ಆರು ಅಂಕಿ ಮೂಡಿದ್ದವು. ನಮ್ಮ ರೊಟ್ಟಿ ಕೇಂದ್ರದ ಮಾಲಕರಾದ ವಿದ್ಯಾವತಿ ಅಕ್ಕನವರು ಚಾಳೀಸು ಏರಿಸಿ ಅವನ್ನು ಗಟ್ಟಿಯಾಗಿ ಓದುತ್ತಿದ್ದರು.

ಆರನೇತ್ತಕ್ಕೇ ಸಾಲಿ ಬಿಟ್ಟವಳು ನಾನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರಿ. ಅಕ್ಕನ ಕೇಂದ್ರದಲ್ಲಿ ನಾವು ಏಳು ಮಂದಿ ರೊಟ್ಟಿ ಬಡಿಯುತ್ತೇವೆ. ಈಗೀಗ ನಾನು ಮನೆಯಲ್ಲೂ ನಸುಕಿನಾಗ ಬಡಿದು ಕಡಗಂಚಿಯಲ್ಲಿರುವ ಒಂದೇ ಮೆಸ್ಸಿಗೆ ಬಸ್ಸಿನಲ್ಲಿ ಕಳಿಸುತ್ತೇನೆ. ನೋಂದಣಿ ಪತ್ರ ತಂದರೆ ದಿನಾಲು ತಗೋತೇವೆ ಅಂದಿದ್ದಾರೆ. ಪತ್ರ ಬರುವ ಮೊದಲೇ ಅಕ್ಕನಿಗೆ ಗೊತ್ತಾದರೆ ಇದ್ದ ಕೆಲಸವೂ ಹೋಯಿತು. ಗೊತ್ತಾಗದಂತೆ ಮಾಡೋಣವೆಂದರೆ ತಾವು ಬಿಡುವವರಲ್ಲ.

ತಮ್ಮ ನೆನಪಿನ ಶಕ್ತಿಯನ್ನು ಎಷ್ಟು ಹೊಗಳಲಿ! ಆಧಾರ್ ಮಾಡಿಸುವಾಗ ನಮಗ್ಯಾರಿಗೂ ಫೋನಿಲ್ಲವೆಂದು ಅಕ್ಕನವರೇ ಕರುಣೆಯಿಂದ ಏಳೂ ಮಂದಿಗೆ ತಮ್ಮ ನಂಬರನ್ನೇ ಬರೆಸಿದ್ದರು. ನಾನು ಮರೆತೆ, ತಾವು ಮರೆಯಲಿಲ್ಲ. ಆನ್‌ಲೈನ್ ಸೆಂಟರಿನ ಆಫ್ತಾಬ ಬಟನ್ ಒತ್ತುವುದೇ ತಡ, ಓಟಿಪಿ ನೆಟ್ಟಗೆ ಅಕ್ಕನ ಫೋನಿಗೆ ಹೋಯಿತು. ಮರುದಿನ ಅಕ್ಕ ಹೆಂಚಿನ ಮುಂದೆ ಬಂದು ನಿಂತು, "ಏ, ಕೇಳ್ರಿಬೇ! ಯಾವನೋ ಕಳ್ಳ ನನ್ನ ಬೆನ್ನ ಹತ್ಯಾನ. ಓಟಿಪಿ ಕೇಳಿದ್ರ ಯಾರೂ ಬಾಯಿ ಬಿಡಬ್ಯಾಡ್ರಿ!" ಅಂದರು. ಏಳೂ ಮಂದಿಯ ಕೈ ಹಿಟ್ಟಿನ ಮೇಲೇ ನಿಂತವು. ಆ ಕಳ್ಳನ ಬಳೆ ಸಪ್ಪಳ ನನಗೊಬ್ಬಳಿಗೇ ಕೇಳಿಸಿತೇನೋ ಅಂದುಕೊಂಡೆ.

ನಂಬರ್ ಬದಲಿಸೋಣವೆಂದರೆ ಆಧಾರ್ ಕೇಂದ್ರ ತೆರೆಯುವುದು ನಾನು ಕೆಲಸಕ್ಕೆ ಕುಂತ ಮೇಲೆ, ಮುಚ್ಚುವುದು ನಾನು ಏಳುವ ಮೊದಲು. ರಜೆ ಕೇಳಿದರೆ ಅಕ್ಕ ಕಾರಣ ಕೇಳುತ್ತಾರೆ, ನನಗೆ ಸುಳ್ಳು ಹೇಳಿದರೆ ಬಿಕ್ಕಳಿಕೆ ಬರುತ್ತದೆ.

ಆದ್ದರಿಂದ ದಯಾಳುಗಳಾದ ತಾವು, ಅಕ್ಕ ಉಂಡು ಗೊರಕೆ ಹೊಡೆಯುವ ಎರಡರಿಂದ ಮೂರರೊಳಗೆ ಮಾತ್ರ, ಸಪ್ಪಳ ಮಾಡದೆ, ಸಾಧ್ಯವಾದರೆ ಕಡಗಂಚಿ ಬಸ್ಸಿನ ಕಂಡಕ್ಟರರ ಕೈಯಲ್ಲಿ ಓಟಿಪಿ ಕಳಿಸಬೇಕು. ಉದ್ದಿಮೆ ಆರಂಭಿಸಿದ ದಿನಾಂಕ ಎಂಬ ಖಾನೆಯಲ್ಲಿ 'ಧೈರ್ಯ ಬಂದ ದಿನ' ಎಂದು ಬರೆದರೆ ಒಪ್ಪಿಕೊಳ್ಳಬೇಕು.

ಅಕ್ಕನ ಉಪ್ಪನ್ನೂ ತಮ್ಮ ಬಟನನ್ನೂ ನಂಬಿದ,
ತಮ್ಮ ವಿಶ್ವಾಸಿ,
ಏಳು ಮಂದಿಯಲ್ಲಿ ಒಬ್ಬಳು

ತಾ.ಕ.: ಓಟಿಪಿ ಬಂದಾಗಲೆಲ್ಲ ಅಕ್ಕ ಗೋಡೆಯ ಮೇಲೆ ಇದ್ದಲಿಯಿಂದ ಒಂದು ಗೀಟು ಎಳೆಯುತ್ತಾರೆ. ಇವತ್ತಿಗೆ ಐದಾದವು. ಆಫ್ತಾಬ ನನಗಾಗಿ ಬಟನ್ ಒತ್ತಿದ್ದು ಎರಡೇ ಸಲ. ಕಡಗಂಚಿಯ ಮೆಸ್ಸು ಇರುವುದು ಒಂದೇ, ಅದಕ್ಕೇ ಕೇಳುತ್ತೇನೆ: ಉಳಿದ ಮೂರು ಯಾರವು, ದಯಮಾಡಿ ಇನ್ನೊಮ್ಮೆ ನೋಡಿ ಹೇಳಿರಿ.