ಹನ್ನೆರಡನೆಯ ಕಣ್ಣು

ಕಣ್ಣಿಗೆ ಏನಾದರೂ ಬಿದ್ದರೆ ಕಟ್ಟೆಮಳಲವಾಡಿಯ ಜನ ಉಜ್ಜಿಕೊಳ್ಳುತ್ತಾರೆ. ನಾನು ಬರೆದುಕೊಳ್ಳುತ್ತಿದ್ದೆ. ಬಿ.ಎ. ಓದಿದ್ದಕ್ಕೆ ಅಷ್ಟಾದರೂ ಬೇಡವೇ?

ನನ್ನ ಡೈರಿಯ ಹಿಂದಿನ ಪುಟಗಳಲ್ಲಿ ಎರಡು ಸುಗ್ಗಿಗಳ ಕಾಲ ಒಂದು ಪಟ್ಟಿ ಬೆಳೆಯಿತು. ಯಾರಿಗೆ ಬಿತ್ತು, ಏನು ಬಿತ್ತು, ಯಾವ ಕಣ್ಣಿಗೆ. ರಾಗಿ ತೂರುವಾಗ ಹೊಟ್ಟು. ಕಬ್ಬು ಕಡಿಯುವಾಗ ಗರಿಯ ಚೂರು. ಕೆ.ಆರ್. ನಗರದಲ್ಲಿ ರೈಲು ಹತ್ತಿ ಕಿಟಕಿಯಾಚೆ ತಲೆ ಹಾಕಿದವನಿಗೆ ಕಲ್ಲಿದ್ದಲ ಕಿಡಿ. ಎಲ್ಲವೂ ಪೆಟ್ಟು ತಿಂದವರ ಎದುರಿಗೇ ಕುಳಿತು, ಕಣ್ಣಾರೆ ಕಂಡು ಬರೆದ ಸತ್ಯಗಳು! ಹನ್ನೊಂದು ಜನರಲ್ಲಿ ಇಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಬಲಗಣ್ಣು. ಸಿದ್ಧಾಂತ ತಾನಾಗಿಯೇ ಹುಟ್ಟಿತು: ನಮ್ಮೂರಿನಲ್ಲಿ ಬಲಗಣ್ಣು ಅಪಾಯದಲ್ಲಿದೆ, ಎಡಗಣ್ಣು ಕ್ಷೇಮ.

ಆ ಬೇಸಿಗೆಯಲ್ಲಿ ನಮ್ಮ ಬೀಸುವ ಕಲ್ಲು ಸವೆದು ನುಣುಪಾಗಿತ್ತು. ಉಳಿಯಿಂದ ಹೊಡೆದು ಮತ್ತೆ ಒರಟು ಮಾಡಬೇಕು. ಆ ಕೆಲಸದವರಿಗೆ ಕಾಯದೆ ನಾನೇ ಸುತ್ತಿಗೆ ಹಿಡಿದೆ. ಹೆಂಡತಿ ಗೌರಿ ಎದುರಿಗೆ ಕುಳಿತು ಕಲ್ಲನ್ನು ಅಲುಗದಂತೆ ಹಿಡಿಯಬೇಕು. ನನಗೆ ಕನ್ನಡಕವಿತ್ತು. ಅವಳ ಕೈಗೆ ಬಟ್ಟೆಯ ಪಟ್ಟಿಯೊಂದನ್ನು ಕೊಟ್ಟು, “ಬಲಗಣ್ಣಿಗೆ ಕಟ್ಕೋ” ಎಂದೆ.

“ಎರಡೂ ಕಣ್ಣು ಮುಚ್ಕಂಡೇ ಹಿಡ್ಕತೀನಿ ಬುಡಿ.”

“ಹಾಗಾದ್ರೆ ಚೂರು ಯಾವ ಕಡೆ ಹಾರುತ್ತೆ ಅಂತ ನೋಡೋರ್ಯಾರು?”

ನೋಡಿದಳು. ನಾಲ್ಕನೆಯ ಏಟಿಗೇ “ಅಯ್ಯಪ್ಪಾ!” ಎಂದು, ತೆರೆದಿದ್ದ ಕಣ್ಣಿಗೆ ಸೆರಗು ಒತ್ತಿ ಹಿಡಿದಳು.

ನಾನು ಅವಳ ಮುಖ ನೋಡಿದೆ. ಕಟ್ಟಿದ್ದ ಬಟ್ಟೆಯನ್ನೂ ನೋಡಿದೆ. ಸಿಟ್ಟು ಬಂತು.

“ಎಡಗಣ್ಣಿಗೆ ಕಟ್ಕೊಂಡಿದ್ದೀಯಲ್ಲೇ! ಬಲಗಣ್ಣು ಅಂತ ಹೇಳ್ಲಿಲ್ವಾ?”

“ಇದು ಬಲಗಣ್ಣೇ ಕಣ್ರೀ. ಉಣ್ಣೋ ಕೈ ಕಡೇದು.”

“ನೋವಿನಲ್ಲಿ ಗೊತ್ತಾಗಲ್ಲ, ಸುಮ್ನಿರು” ಎಂದು ಒಳಗೆ ಹೋದೆ. ನೀರು ತರಲು ಅಲ್ಲ. ಡೈರಿ ತರಲು!

ಪಕ್ಕದ ಮನೆಯ ನಿಂಗಜ್ಜಿ ಗೋಡೆಯಾಚೆಯಿಂದ ಇಣುಕಿದಳು. “ಅಲ್ಲಾ ಕಣ್ಲಾ, ಎಂಡ್ರು ಕಣ್ಣಲ್ಲಿ ನೀರು ಅಂಗೆ ಸುರೀತಾ ಅದೆ, ಅದೇನ್ಲಾ ಬರಕಂಡು ಕುಂತಿದ್ದೀಯಾ? ಮೊದ್ಲು ಉಣಸೂರಿಗೆ ಕರ್ಕಂಡೋಗು!”

ಗಾಡಿ ಕಟ್ಟಿಸಿದೆ. ದಾರಿಯಲ್ಲಿ ಗೌರಿ ಒಂದೇ ಮಾತು ಕೇಳಿದಳು: “ರೀ, ಕಣ್ಣು ಓಗ್ಬುಡ್ತದಾ?”

“ನಾನು ಹೇಳಿದ ಕಡೆ ಕಟ್ಕೊಂಡಿದ್ರೆ ಈ ಪ್ರಶ್ನೆಯೇ ಬರ್ತಿರಲಿಲ್ಲ” ಎಂದೆ. ಹೌದು, ಹಾಗೆಯೇ ಎಂದೆ.

ಹುಣಸೂರಿನ ಡಾಕ್ಟರಿಗೆ ನಾನು ಚೀಟಿ ಬರೆದೇ ಕೊಟ್ಟೆ: ‘ಬಲಗಣ್ಣು. ಕಲ್ಲಿನ ಚೂರು.’ ಜೊತೆಗೆ ಸಿದ್ಧಾಂತವನ್ನೂ ವಿವರಿಸಿದೆ. ಅವರು ಗೌರಿಯ ಒಂದು ಕಣ್ಣಿನ ರೆಪ್ಪೆ ಎತ್ತಿ ನೋಡಿದರು.

“ಇದರಲ್ಲಿ ಏನೂ ಇಲ್ವಲ್ಲಮ್ಮ?”

“ನೋಯ್ತಿರೋದು ಇದು ಸ್ವಾಮಿ, ಎಡಗಣ್ಣು.”

“ಅದೇ ಬಲಗಣ್ಣು ಡಾಕ್ಟ್ರೇ!” ಎಂದೆ.

ಡಾಕ್ಟರು ರೆಪ್ಪೆ ಬಿಟ್ಟು ನನ್ನ ಕಡೆ ತಿರುಗಿದರು. “ನಿಮ್ಮ ಬಲಗೈ ಎತ್ತಿ” ಎಂದರು. ಎತ್ತಿದೆ. “ಅಮ್ಮ, ನೀವೂ ಎತ್ತಿ.” ಎದುರುಬದುರು ಕುಳಿತಿದ್ದ ನಮ್ಮಿಬ್ಬರ ಕೈಗಳು ಒಂದೊಂದು ಗೋಡೆಯ ಕಡೆ ಎದ್ದು ನಿಂತವು!

ನನ್ನ ಕೈ ಇಳಿಯಿತು. ತಲೆ ಅದಕ್ಕೂ ಕೆಳಗೆ ಇಳಿಯಿತು. ಎದುರಿಗೆ ಕುಳಿತು ಬರೆದ ಹನ್ನೊಂದು ಜನರ ಬಲವೆಲ್ಲ ಎಡವಾಗಿತ್ತು. ನಾನು ಕ್ಷೇಮವೆಂದು ತೆರೆದಿಡಿಸಿದ ಕಣ್ಣೇ ಹನ್ನೆರಡನೆಯದು.

ಡಾಕ್ಟರು ಔಷಧಿ ಬಿಟ್ಟು, ಸೂಜಿಯ ತುದಿಯಿಂದ ಚೂರು ತೆಗೆದರು. ಇನ್ನು ಕೂದಲೆಳೆಯಷ್ಟು ಒಳಗೆ ಹೋಗಿದ್ದರೆ ನೋಟಕ್ಕೇ ತೊಂದರೆಯಾಗುತ್ತಿತ್ತು ಎಂದರು. ಅದನ್ನು ನನಗಲ್ಲ, ಗೌರಿಗೆ ಹೇಳಿದರು.

‘ಗೌರಿ ತಪ್ಪಾಗಿ ಕಟ್ಟಿಕೊಂಡಳು’ ಎಂಬ ಸಾಲು ಡೈರಿಯಲ್ಲಿ ಈಗಲೂ ಇದೆ. ಅಂದು ಮನೆಗೆ ಬಂದೊಡನೆ ಅವಳಲ್ಲಿ ತಪ್ಪೊಪ್ಪಿಕೊಂಡೆನೆಂದು ನನಗೆ ಚೆನ್ನಾಗಿ ನೆನಪು. ಆದರೆ ಡೈರಿಯಲ್ಲಿ ಅದಿಲ್ಲ. ಅನುಮಾನ ಬಂದು ಮೊನ್ನೆ ಅವಳನ್ನೇ ಕೇಳಿದೆ.

“ಯಾವಾಗ್ ಒಪ್ಕಂಡ್ರಿ?” ಎಂದಳು.

ಎದುರಿಗೆ ಕುಳಿತು, ಆಗ ಒಪ್ಪಿಕೊಂಡೆ. ಅವಳು ಒಂದು ಕಣ್ಣನ್ನು ಕಿರಿದು ಮಾಡಿ ನನ್ನನ್ನೇ ನೋಡಿದಳು.

ಯಾವ ಕಣ್ಣೆಂದು ಬರೆಯುವ ಧೈರ್ಯವಾಗಲಿಲ್ಲ.