ಭೂಗೋಳದ ಮೇಷ್ಟ್ರ ದನಿ

ಹಳೆಯ ರೇಡಿಯೋ ಕಾದಾಗ ಒಳಗಿನ ಧೂಳು ಸುಡುವ ಒಂದು ವಾಸನೆ ಬರುತ್ತಿತ್ತು. ಭೂಗೋಳದ ಮೇಷ್ಟ್ರಿಗೆ ಚಿಕ್ಕಂದಿನಲ್ಲಿ ಆ ವಾಸನೆಯೆಂದರೆ ಪ್ರಾಣ. ಅಪ್ಪ ಗುಂಡಿ ತಿರುಗಿಸಿದೊಡನೆ ಪೆಟ್ಟಿಗೆಗೆ ಮೂಗು ತಾಗಿಸಿ ಕೂತು, ಒಂದು ದಿನ ತಾನೂ ಇದರೊಳಗಿನಿಂದ ಮಾತಾಡಬೇಕು ಎಂದು ಆಸೆಪಡುತ್ತಿದ್ದರು. ಆಸೆ ಕೈಗೂಡಿತು. ಕೈಗೂಡಿದ್ದೇ ತಾಪತ್ರಯವಾಯಿತು.

ಶಾಲೆಗೆ ಓದುವ ಯಂತ್ರವೊಂದು ಬಂತು. ಅಂಗೈಯಗಲದ್ದು. ಪುಟದ ಮೇಲೆ ಹಿಡಿದರೆ ಅಲ್ಲಿರುವುದನ್ನು ಗಟ್ಟಿಯಾಗಿ ಓದುತ್ತಿತ್ತು. ಓದುತ್ತಿರುವ ಪದವನ್ನು ಪರದೆಯ ಮೇಲೆ ಹಳದಿಯಾಗಿ ಬೆಳಗಿಸುತ್ತಿತ್ತು. ಮಗು ಬಾಯಲ್ಲಿ ಹೇಳಿದ್ದನ್ನು ಬರೆದೂ ತೋರಿಸುತ್ತಿತ್ತು. ಅಕ್ಷರ ಕಂಡರೆ ಕಣ್ಣು ಕತ್ತಲಿಡುವ ಮಕ್ಕಳಿಗೆಂದೇ ಮಾಡಿದ್ದು. ಅದಕ್ಕೆ ಯಾರಾದರೂ ತಮ್ಮ ದನಿ ಕಲಿಸಬೇಕಿತ್ತು. ಯಂತ್ರ ಬೆಚ್ಚಗಾದಾಗ ಅದೇ ಹಳೆಯ ವಾಸನೆ ಬಂದಂತಾಗಿ, "ನಾನೇ ಓದ್ತೀನಿ" ಅಂದುಬಿಟ್ಟರು ಮೇಷ್ಟ್ರು.

ಯಂತ್ರ ಬಲು ಶ್ರದ್ಧೆಯ ವಿದ್ಯಾರ್ಥಿ. ಮೇಷ್ಟ್ರ ದನಿಯ ಜೊತೆಗೆ, ಅವರು ಮಾತಿಗೆ ಮುಂಚೆ ಗಂಟಲು ಸರಿಮಾಡುವುದನ್ನೂ, ಕೊನೆಗೆ "ತಿಳೀತಾ, ಕಂದಾ?" ಎನ್ನುವುದನ್ನೂ ಚೂರೂ ಬಿಡದೆ ಕಲಿತುಕೊಂಡಿತು.

ಓದುವ ಕೋಣೆಯ ಮೇಜಿಗೆ ಅದನ್ನು ಕಟ್ಟಿಹಾಕಿದ್ದಷ್ಟು ತಿಂಗಳೂ ಮಕ್ಕಳು ಅದರ ಮುಂದೆ ಸಾಲಿಗೆ ಬೆರಳಿಟ್ಟು ಕೇಳುತ್ತ ಕೂರುತ್ತಿದ್ದರು; ಯಾರಿಗೂ ತೊಂದರೆಯಾಗಲಿಲ್ಲ. ಪಾಲಕರ ಸಭೆಯ ದಿನ ಬೆಳಿಗ್ಗೆ ಮೇಷ್ಟ್ರು ದಾರ ಬಿಚ್ಚಿ ಅದನ್ನು ಗುಬ್ಬಿಯ ಕೈಗಿಟ್ಟರು. ಗುಬ್ಬಿ ಐದನೆಯ ತರಗತಿಯ ಹುಡುಗಿ. ಇಡೀ ದಿನ ಚಿಲಿಪಿಲಿ. ಪುಸ್ತಕ ತೆರೆದೊಡನೆ ಬಾಯಿಗೆ ಬೀಗ. ಸಂಜೆ ಸಭೆಯಲ್ಲಿ ಅವಳೇ ಯಂತ್ರವನ್ನು ಓದಿಸಿ ತೋರಿಸಬೇಕಿತ್ತು.

"ಪ್ರಯೋಜನ ಇದೆ ಅಂತ ಇವತ್ತು ಕಣ್ಣಿಗೆ ಕಂಡ್ರೆ ಇರ್ಲಿ," ದೊಡ್ಡ ಮೇಡಂ ಎಚ್ಚರಿಸಿದ್ದರು. "ಇಲ್ದಿದ್ರೆ ನಾಳೆನೇ ವಾಪಸ್ಸು, ಮೇಷ್ಟ್ರೇ."

"ಸಂಜೆ ತನಕ ಕೈಯಲ್ಲಿಟ್ಕೊಂಡು ಅಭ್ಯಾಸ ಮಾಡಮ್ಮ," ಅಂದರು ಮೇಷ್ಟ್ರು.

"ಏನ್ ಓದಿಸ್ಲಿ?"

"ಏನ್ ಕಂಡ್ರೂ ಓದ್ಸು."

ಆ ಮಾತು ಆಡಬಾರದಿತ್ತು.

ನೀರಿನ ತೊಟ್ಟಿಯ ಈಚೆಗೆ ಡ್ರಿಲ್ ಮೇಷ್ಟ್ರು ಸೋಪು ಹಚ್ಚಿ ಮುಖ ತೊಳೆಯುತ್ತಿದ್ದರು. ಆಚೆಯ ಗೋಡೆಯ ಮೇಲೆ ಯಾವುದೋ ಕಾಲದ ಪುಂಡರು ಇದ್ದಿಲಲ್ಲಿ ಏನೋ ಗೀಚಿದ್ದರು. ಗುಬ್ಬಿ ಯಂತ್ರ ಹಿಡಿದಳು.

"ಹ್ಹೆಮ್. ಡ್ರಿಲ್ ಮೇಷ್ಟ್ರು ಫುಟ್‌ಬಾಲ್ ನುಂಗಿದ್ದಾರೆ. ಹೊಟ್ಟೆ ನೋಡಿದರೆ ಗೊತ್ತಾಗುತ್ತದೆ. ತಿಳೀತಾ, ಕಂದಾ?"

ಡ್ರಿಲ್ ಮೇಷ್ಟ್ರು ನೊರೆಯ ಗಡ್ಡದೊಂದಿಗೇ ಭೂಗೋಳದ ಪಾಠಕ್ಕೆ ನುಗ್ಗಿದರು. "ಹೊಟ್ಟೆ ನಂದು, ಊಟ ನಂದು. ನಿಮಗ್ಯಾಕ್ರೀ ಉರಿ?"

"ಯಾವ ಹೊಟ್ಟೆ, ಸಾರ್?"

"ಕಿವಿಯಾರೆ ಕೇಳಿದೀನಿ! ತಿಳೀತಾ ಕಂದಾ ಅಂತ ಬೇರೆ!"

ಮೇಷ್ಟ್ರಿಗೆ ಆಗ ಹೊಳೆಯಿತು. ನಿಜ ಹೇಳಿದರೆ ಗುಬ್ಬಿಗೆ ಬೈಗುಳ, ಯಂತ್ರಕ್ಕೆ ಮತ್ತೆ ದಾರ. ನದಿಗಳ ನಕ್ಷೆಗೆ ಆತುಕೊಂಡು, "ತಪ್ಪಾಯ್ತು ಸಾರ್, ಬಾಯಿ ಜಾರ್ತು" ಅಂದರು. ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು.

ಊಟದ ಗಂಟೆ ಹೊಡೆಯಿತು. ಮೇಷ್ಟ್ರು ತಮ್ಮ ಡಬ್ಬಿಯ ಮುಚ್ಚಳ ತೆಗೆದರು. ಗುಬ್ಬಿ ಇನ್ನೇನು ಓದಿಸುತ್ತಿದ್ದಾಳೋ! ಹಾಗೇ ಬಿಟ್ಟು ಗುಬ್ಬಿಯನ್ನು ಹುಡುಕಲು ಓಡಿದರು. ಹಿಂದೆಯೇ ಕಾಗೆಗಳು ಕಿಟಕಿಯಲ್ಲಿ ಸಭೆ ಸೇರಿ, ತಕರಾರಿಲ್ಲದೆ ಡಬ್ಬಿ ಬರಿದು ಮಾಡಿದವು.

ಅಷ್ಟರಲ್ಲಿ ದೊಡ್ಡ ಮೇಡಂ ಸೀಮೆಸುಣ್ಣ ಬೇಕಾಗಿ ಲೆಕ್ಕದ ಟೀಚರ ಕಪಾಟು ತೆರೆದಿದ್ದರು. ಲೆಕ್ಕದ ಟೀಚರು ಸೀಮೆಸುಣ್ಣವನ್ನು ಚಿನ್ನದಂತೆ ಕಾಯುವವರು; ಕಪಾಟಿನ ಬಾಗಿಲಿಗೆ ಒಂದು ಎಚ್ಚರಿಕೆಯ ಚೀಟಿಯನ್ನೇ ಅಂಟಿಸಿದ್ದರು. ತೆರೆದ ಆ ಬಾಗಿಲ ಮರೆಯಲ್ಲಿ ಗುಬ್ಬಿ ಚೀಟಿಗೆ ಯಂತ್ರ ಹಿಡಿದು ನಿಂತಿದ್ದಳು. ಮೇಡಂ ಕೈ ಒಳಗೆ ಹೋಯಿತು.

"ಹ್ಹೆಮ್. ಮುಟ್ಟಿದರೆ ಕೈ ಮುರಿಯುತ್ತೇನೆ. ತಿಳೀತಾ, ಕಂದಾ?"

ಮೇಡಂ ಸರ್ರನೆ ತಿರುಗಿದರು. ಏದುಸಿರು ಬಿಡುತ್ತ ಕೋಣೆಯ ಬಾಗಿಲಲ್ಲಿ ನಿಂತಿದ್ದವರು ಸಾಕ್ಷಾತ್ ಭೂಗೋಳದ ಮೇಷ್ಟ್ರು.

"ಕೈ ಮುರಿಯೋದು ಆಮೇಲಾಯ್ತು," ಮೇಡಂ ದನಿ ಮಂಜುಗಡ್ಡೆಯಂತಿತ್ತು. "ನಮ್ಮಮ್ಮ ಹೋದ್ಮೇಲೆ ನನ್ನನ್ನ ಕಂದಾ ಅಂದೋರು ನೀವೇ ಮೊದಲು."

"ತಪ್ಪಾಯ್ತು ಮೇಡಂ, ಬಾಯಿ..."

"ಮೇಷ್ಟ್ರಲ್ಲ, ನಾನು!" ಗುಬ್ಬಿ ಮರೆಯಿಂದ ಈಚೆ ಬಂದಳು. ತೊಟ್ಟಿಯ ಗೋಡೆಯದನ್ನೂ ಬಾಯಿಬಿಟ್ಟಳು. "ಎಲ್ಲಾ ಕಡೆ ಏನೇನೋ ಬರ್ದಿದಾರೆ ಮೇಡಂ. ಗೋಡೆ ಮೇಲೆ, ಬಾಗ್ಲ ಮೇಲೆ, ಔಷಧಿ ಬಾಟ್ಲಿ ಮೇಲೂ. ಎಲ್ರಿಗೂ ಗೊತ್ತಿತ್ತು. ನಂಗೊಬ್ಳಿಗೇ ಗೊತ್ತಿರ್ಲಿಲ್ಲ."

ಮೇಡಂ ಕಪಾಟು ಮುಚ್ಚಿದರು. ಬಗ್ಗಿ, ಅವಳ ಮೂಗಿಗಂಟಿದ್ದ ಇದ್ದಿಲ ಮಸಿಯನ್ನು ತಮ್ಮ ಕರವಸ್ತ್ರದಿಂದ ಒರೆಸಿದರು. ಪಡಸಾಲೆಯಲ್ಲಿ ಇದೆಲ್ಲ ಕೇಳಿಸಿಕೊಂಡ ಡ್ರಿಲ್ ಮೇಷ್ಟ್ರು ಗೋಡೆ ಉಜ್ಜಲು ಬ್ರಷ್ಷು ಹಿಡಿದು ತೊಟ್ಟಿಯ ಕಡೆ ಹೊರಟರು.

"ಸಂಜೆ ಸಭೆ ಒಂದು ದಾಟಿಸಿ," ಮೇಡಂ ಮೇಷ್ಟ್ರಿಗೆ ಮೆಲ್ಲಗೆ ಹೇಳಿದರು. "ಯಂತ್ರ ಉಳಿದ್ರೆ ನಾಳೆನೇ ಬೇರೆ ದನಿ ಹಾಕ್ಸೋಣ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಇನ್ನು ತಮ್ಮ ದನಿ ತಮ್ಮ ಗಂಟಲಲ್ಲೇ ಇರುತ್ತದೆ!

ಸಂಜೆ ಸಭಾಂಗಣ ತುಂಬಿತು. ಗುಬ್ಬಿ ವೇದಿಕೆಗೆ ಬಂದು ಪುಸ್ತಕದ ಮೇಲೆ ಯಂತ್ರ ಹಿಡಿದಳು. ಸದ್ದಿಲ್ಲ. ಗುಂಡಿ ಒತ್ತಿದಳು. ಇಡೀ ದಿನ ಶಾಲೆಯ ಗೋಡೆಗಳನ್ನೆಲ್ಲ ಓದಿ ದಣಿದಿದ್ದ ಯಂತ್ರ ಬ್ಯಾಟರಿ ಮುಗಿದು ನಿದ್ದೆಹೋಗಿತ್ತು.

"ಅಷ್ಟೇನಾ?" ಎಂದರು ಯಾರೋ ಹಿಂದಿನಿಂದ. ಮೇಡಂ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರ ಮುಖ ಒದ್ದೆ ಸ್ಲೇಟಿನಂತಾಗಿತ್ತು.

ಗುಬ್ಬಿ ಯಂತ್ರವನ್ನು ಮೆತ್ತಗೆ ಪಕ್ಕಕ್ಕಿಟ್ಟಳು. ಸಾಲಿನ ಕೆಳಗೆ ಬೆರಳಿಟ್ಟಳು.

"ಹ್ಹೆಮ್," ಅಂದಳು. "ಒಂದು... ಊರಿನ... ಆಚೆ... ಒಂದು ಕೆರೆ ಇತ್ತು."

ಹಳದಿ ಬೆಳಕಿಲ್ಲ. ಬೆರಳೊಂದೇ ಮೆಲ್ಲಗೆ ಸರಿಯುತ್ತಿತ್ತು. ಒಂದು ಪದದ ಮುಂದೆ ನಿಂತಿತು, ಹಿಂದೆ ಹೋಯಿತು, ಗುಬ್ಬಿ ಗಂಟಲು ಸರಿಮಾಡಿಕೊಂಡ ಮೇಲೆ ದಾಟಿತು. ಹಿಂದಿನ ಸಾಲಿನಲ್ಲಿ ಅವಳ ತಾಯಿ ತನಗರಿವಿಲ್ಲದೆ ಎದ್ದು ನಿಂತಿದ್ದಳು. ಪುಟ ಮುಗಿಯಿತು. ಗುಬ್ಬಿ ತಲೆಯೆತ್ತಿ, ಮುಂದಿನ ಸಾಲಿನ ದೊಡ್ಡ ಮೇಡಂ ಮುಖವನ್ನೇ ನೋಡುತ್ತ ಕೇಳಿದಳು:

"ತಿಳೀತಾ, ಕಂದಾ?"

ಚಪ್ಪಾಳೆಗೆ ಕಿಟಕಿಯ ಗಾಜು ನಡುಗಿತು. "ನಾನೂ ಓದ್ತೀನಿ! ನಾನೂ!" ಓದುವ ಕೋಣೆಯ ಮಕ್ಕಳೆಲ್ಲ ವೇದಿಕೆಗೆ ಹತ್ತಿದರು. ಒಬ್ಬ ತಡವರಿಸಿದ, ಒಬ್ಬಳು ಒಂದೇ ಉಸಿರಿಗೆ ಓದಿದಳು. ಆದರೆ ಪ್ರತಿಯೊಬ್ಬರೂ ಮೊದಲು ಹ್ಹೆಮ್ ಅಂದರು, ಕೊನೆಗೆ ಕಂದಾ ಅಂದರು. ಕಣ್ಣು ಮುಚ್ಚಿದರೆ ವೇದಿಕೆಯ ತುಂಬ ಭೂಗೋಳದ ಮೇಷ್ಟ್ರೇ.

ಮೇಡಂ ಕಣ್ಣೊರೆಸಿಕೊಂಡು ನಗುತ್ತ ಹತ್ತಿರ ಬಂದರು. "ಯಂತ್ರ ಇಲ್ಲೇ ಇರುತ್ತೆ. ಅದರ ದನಿ ನಾಳೆ ಬದಲಾಯಿಸ್ಬಹುದು. ಇವರದ್ದನ್ನ ಏನ್ಮಾಡೋಣ, ಮೇಷ್ಟ್ರೇ?"

ಉತ್ತರ ಹೇಳಲು ಬಾಯಿ ತೆರೆದ ಮೇಷ್ಟ್ರು ಅಭ್ಯಾಸಬಲದಿಂದ ಗಂಟಲು ಸರಿಮಾಡಿದರು. ವೇದಿಕೆಯ ಮಕ್ಕಳೆಲ್ಲ ಒಟ್ಟಾಗಿ ತಾವೂ ಸರಿಮಾಡಿದರು. ಸಭೆ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ಕೊನೆಯ ಬೆಂಚಿಗೆ ಹೋಗಿ ಕುಸಿದರು. ನಗುತ್ತಿದ್ದರೋ ಅಳುತ್ತಿದ್ದರೋ, ಅವರಿಗೇ ತಿಳಿಯದು.

ಆಗ ಪಕ್ಕದಲ್ಲಿ ಯಾರೋ ಬಂದು ಕೂತರು. ಕಾಗೆಗಳು ಬರಿದು ಮಾಡಿದ ಡಬ್ಬಿಯನ್ನು ಕಂಡು, ಆಟದ ಬಯಲಿನ ಹಿಂದಿನ ತಮ್ಮ ಮನೆಗೆ ಹೋಗಿ ಬಂದಿದ್ದ ಡ್ರಿಲ್ ಮೇಷ್ಟ್ರು. ಮುಚ್ಚಳ ತೆಗೆದ ಬಿಸಿ ಊಟದ ಡಬ್ಬಿಯೊಂದನ್ನು ಅವರ ತೊಡೆಯ ಮೇಲಿಟ್ಟು, ಚಮಚವನ್ನು ಕೈಗೆ ಕೊಟ್ಟರು.