ಕತ್ತಿಯ ಹಿಡಿಯೂ ಮುದ್ದೆಯ ಎಸರೂ

ನಾನು ಸರ್ವೆ ಇಲಾಖೆಯವನು. ಮದ್ದೂರು ತಾಲ್ಲೂಕಿನಲ್ಲಿ ಅಣ್ಣತಮ್ಮಂದಿರು ಹೊಡೆದಾಡಿಕೊಂಡ ಎಷ್ಟೋ ಬದುಗಳನ್ನು ನೆಟ್ಟಗೆ ಮಾಡಿಕೊಟ್ಟ ಮಹಾಪುರುಷ! ಅಂಥವನಿಗೆ ಆರಂಗುಲದ ಕ್ಷೌರದ ಕತ್ತಿಯ ಹಿಡಿ ನೆಟ್ಟಗೆ ಮಾಡುವುದು ಯಾವ ಲೆಕ್ಕ? ಹೀಗೆಂದು ಆ ಭಾನುವಾರ ಬೆಳಗ್ಗೆ ನನ್ನ ಮಾವನ ಎದುರು ಎದೆಯುಬ್ಬಿಸಿ ಹೇಳಿದೆ. ಎದೆಗಿಂತ ಮೊದಲು ಹೊಟ್ಟೆ ಮುಂದೆ ಬಂತು ಎಂದು ಹೆಂಡತಿ ಕುಸುಮ ಆಮೇಲೆ ತಿದ್ದಿದಳು.

ಮಾವ ನಿಂಗಯ್ಯನವರು, ಅತ್ತೆ ಬೆಟ್ಟಮ್ಮನವರು ಹಿಂದಿನ ದಿನವೇ ಆತಗೂರಿನಿಂದ ಬಂದಿದ್ದರು. ಸೋಮವಾರ ವೈದ್ಯನಾಥಪುರದಲ್ಲಿ ನಮ್ಮ ಮಗಳು ನಯನಳ ಮುಡಿ ತೆಗೆಸುವುದಿತ್ತು. ಅವರ ಮನೆಯ ಪದ್ಧತಿಯಂತೆ ಮಗುವಿನ ಮೊದಲ ಎಳೆ ಕೂದಲನ್ನು ಸೋದರಮಾವ ಅವರ ಮನೆಯ ಹಳೇ ಮಡಚುವ ಕತ್ತಿಯಲ್ಲೇ ತೆಗೆಯಬೇಕು. ಮಿಕ್ಕಿದ್ದೆಲ್ಲ ಕ್ಷೌರದವರ ಪಾಲಿಗೆ. ಕುಸುಮಳಿಗೂ ಅದೇ ಕತ್ತಿ, ಅವಳ ತಮ್ಮ ಯತೀಶನಿಗೂ ಅದೇ, ಸ್ವತಃ ಮಾವನಿಗೂ ಅದೇ ಆಗಿತ್ತಂತೆ. ಅಂಥ ಕತ್ತಿಯನ್ನು ಬಚ್ಚಲ ಒಲೆಯ ಪಕ್ಕದ ಗೂಡಿನಲ್ಲಿ ಇಟ್ಟೂ ಇಟ್ಟೂ, ಕಾವಿಗೆ ಅದರ ಎಮ್ಮೆಕೊಂಬಿನ ಹಿಡಿ ಬಾಗಿಬಿಟ್ಟಿತ್ತು. ಮಡಚಿದರೆ ಅಲಗು ನಡುವೆ ಕೂರದೆ ಒಂದು ಪಕ್ಕಕ್ಕೆ ಉಜ್ಜುತ್ತಿತ್ತು.

"ಬುಡಿ ಅಳಿಯಂದ್ರೆ, ಡೊಂಕಿದ್ರೆ ಇರ್ಲಿ. ಒಂದು ಎಳೆ ತಗಿಯಕ್ಕೆ ಇದೇ ಸಾಕು," ಎಂದರು ಮಾವ. ನಾನು ಬಿಡುವವನೇ? ಆಗಲೇ ಫೋನಿನಲ್ಲಿ ಮೂರು ವಿಡಿಯೋ ನೋಡಿ ಪಂಡಿತನಾಗಿದ್ದೆ. ಕೊಂಬನ್ನು ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗುತ್ತದೆ. ಎರಡು ಹಲಗೆಗಳ ನಡುವೆ ಒತ್ತಿಟ್ಟು ಆರಲು ಬಿಟ್ಟರೆ ನೆಟ್ಟಗೆ ನಿಲ್ಲುತ್ತದೆ. ಇಷ್ಟೇ ವಿದ್ಯೆ! ಮಾವ ಬಾಳೆಹಣ್ಣು ತರಲು ಪೇಟೆಗೆ ಹೋದದ್ದೇ ತಡ, ಹಿಡಿಯ ಮೊಳೆ ಕಿತ್ತು, ಅಲಗನ್ನು ಪೇಪರಿನಲ್ಲಿ ಸುತ್ತಿ ಬೀರುವಿನ ಮೇಲಿಟ್ಟೆ. ಹಿಡಿಯ ಎರಡು ಪಟ್ಟಿಗಳು ಬೇರೆಯಾಗಿ ಕೈಗೆ ಬಂದವು.

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಒಂದು ಒಲೆಯ ಮೇಲೆ ಉಪ್ಸಾರು, ಇನ್ನೊಂದರ ಮೇಲೆ ಮುದ್ದೆಗಿಟ್ಟ ಎಸರು ತಳಮಳ ಕುದಿಯುತ್ತಿತ್ತು. ಇಷ್ಟು ಒಳ್ಳೆಯ ಬಿಸಿನೀರು ಎದುರಿಗೇ ಇರುವಾಗ ಇನ್ನೊಂದು ಪಾತ್ರೆ ಯಾಕೆ ಎಂಬ ಘನವಾದ ಆಲೋಚನೆ ನನಗೆ ಬಂತು. ಐದು ನಿಮಿಷದಲ್ಲಿ ತೆಗೆದುಬಿಟ್ಟರಾಯಿತು ಎಂದು ಎರಡೂ ಪಟ್ಟಿಗಳನ್ನು ಎಸರಿಗೆ ಇಳಿಬಿಟ್ಟು ಹಲಗೆ ಹುಡುಕಲು ಹಿತ್ತಲಿಗೆ ಹೋದೆ.

ಹಲಗೆ ಸಿಗಲಿಲ್ಲ. ತಿರುಗಿ ಬಂದು ನೋಡುತ್ತೇನೆ, ಎಸರಿನ ಮೇಲೆ ರಾಗಿಹಿಟ್ಟಿನ ಗುಡ್ಡ! ನಡುವೆ ಹಿಟ್ಟಿನ ಕೋಲು ನೆಟ್ಟಿದೆ. ಪಕ್ಕದಲ್ಲಿ ಅತ್ತೆ ಸೆರಗು ಸಿಕ್ಕಿಸಿಕೊಂಡು ತಿರುವಲು ಸಿದ್ಧರಾಗಿ ನಿಂತಿದ್ದಾರೆ.

ನಿಜ ಹೇಳಲು ನಾಲಿಗೆ ಏಳಲಿಲ್ಲ. ಇವತ್ತು ಮುದ್ದೆ ನಾನೇ ತಿರುವುತ್ತೇನೆ ಎಂದೆ. ಅತ್ತೆ ಗಾಬರಿಯಾಗಿ ಬಾಗಿಲಲ್ಲಿ ನಿಂತಿದ್ದ ಕುಸುಮಳ ಮುಖ ನೋಡಿದರು. ಮದುವೆಯಾಗಿ ನಾಲ್ಕು ವರ್ಷದಲ್ಲಿ ನೀರಿನ ಲೋಟವನ್ನೂ ಎತ್ತಿಡದ ಅಳಿಯ ಹೀಗೆಂದರೆ ಜ್ವರ ಬಂದಿದೆಯೋ ಎಂದು ಅನುಮಾನ ಬರುವುದು ಸಹಜವೇ. ಕೋಲು ಕಿತ್ತುಕೊಂಡು ತಿರುವುವ ನೆಪದಲ್ಲಿ ತಡಕಾಡಿದೆ. ಒಂದು ಪಟ್ಟಿ ಸಿಕ್ಕಿತು. ಯಾರಿಗೂ ಕಾಣದಂತೆ ಅದನ್ನು ಎಳೆದು ಲುಂಗಿಯ ಗಂಟಿನೊಳಗೆ ಸಿಕ್ಕಿಸಿಕೊಂಡೆ. ಅಯ್ಯಪ್ಪಾ! ಹೊಟ್ಟೆಗೆ ಕೆಂಡ ಕಟ್ಟಿಕೊಂಡಂತಾಯಿತು.

"ಯಾಕ್ರೀ ಕುಣೀತಿದ್ದೀರಾ?" ಎಂದಳು ಕುಸುಮ.

"ಮುದ್ದೆ ತಿರುವೋದು ಅಂದ್ರೆ ಹೀಗೇ ಕಣೇ," ಎಂದೆ.

ಅಷ್ಟರಲ್ಲಿ ಅತ್ತೆಗೆ ಸಾಕಾಗಿ ಕೋಲು ಕಸಿದುಕೊಂಡರು. ಗರಗರ ತಿರುವಿದರು, ಅಂಗೈಗೆ ನೀರು ಸವರಿಕೊಂಡು ಮುದ್ದೆ ಕಟ್ಟಿದರು. ಎರಡನೆಯ ಪಟ್ಟಿ ಎಲ್ಲಿ ಹೋಯಿತೋ ಆ ವೈದ್ಯನಾಥೇಶ್ವರನೇ ಬಲ್ಲ. ಮಾವ ಪೇಟೆಯಿಂದ ಬಂದದ್ದೇ ಎಲ್ಲರೂ ಉಣ್ಣಲು ಕುಳಿತೆವು. ನಾನು ಒಂದೊಂದು ತಟ್ಟೆಯನ್ನೂ ಕಳ್ಳನನ್ನು ಹುಡುಕುವ ಪೊಲೀಸಿನಂತೆ ನೋಡುತ್ತಿದ್ದೆ. ನಮ್ಮ ಕಡೆಯವರು ಮುದ್ದೆ ಅಗಿಯುವವರಲ್ಲ, ನುಂಗುವವರು.

ಮಾವನ ಮುದ್ದೆಯೇ ಎಲ್ಲಕ್ಕಿಂತ ದೊಡ್ಡದು. ಮುರಿಯಲು ನೋಡಿದರು. ಮುರಿಯಲಿಲ್ಲ. ಇನ್ನಷ್ಟು ಒತ್ತಿ ಎಳೆದರೆ ಕಪ್ಪಗೆ ಬಾಗಿದ ಪಟ್ಟಿ ಹೊರಗೆ ಬಂತು.

"ಅಳಿಯಂದ್ರೆ, ಹಿಟ್ಟೊಳಗೆ ಎಮ್ಮೆಕೊಂಬು ಎಲ್ಲಿಂದ ಬಂತು?"

ಎಲ್ಲವನ್ನೂ ಒಪ್ಪಿಕೊಂಡೆ. ಲುಂಗಿಯ ಗಂಟಿನಿಂದ ಇನ್ನೊಂದನ್ನೂ ತೆಗೆದು ಮುಂದಿಟ್ಟೆ. ಅದು ಅಷ್ಟರಲ್ಲಿ ಆರಿ, ನನ್ನ ಹೊಟ್ಟೆಯ ಆಕಾರವನ್ನೇ ಹಿಡಿದುಬಿಟ್ಟಿತ್ತು. ಕುಸುಮ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಮುದ್ದೆಯೊಳಗಿದ್ದದ್ದಕ್ಕಿಂತ ನಿಮ್ಮ ಹೊಟ್ಟೆಯ ಮೇಲಿದ್ದದ್ದೇ ದುಂಡಗೆ ಬಂದಿದೆ ಎಂದು ತೀರ್ಪು ಕೊಟ್ಟಳು. ಅತ್ತೆ ಕ್ಷೌರದ ಕತ್ತಿಯ ಹಿಡಿ ಬೆಂದ ಹಿಟ್ಟನ್ನು ಅಷ್ಟೂ ಎತ್ತಿ ಪಕ್ಕದ ಮನೆಯ ಹಸುವಿನ ಕಲಗಚ್ಚಿಗೆ ಹಾಕಿ ಬಂದರು. ಮಾವ ಮಾತ್ರ ಆ ಪಟ್ಟಿಗಳನ್ನು ಬೆರಳಿನಿಂದ ಒರೆಸತೊಡಗಿದರು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಹಾಗೆ ಒರೆಸುವುದನ್ನು ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು.

ಕೊನೆಗೆ ಅವರೇ ಎದ್ದರು. ಬೇರೆ ಪಾತ್ರೆಯಲ್ಲಿ ನೀರು ಕಾಯಿಸಲು ಹೇಳಿ, ಪಟ್ಟಿಗಳನ್ನು ಮೆತ್ತಗೆ ಮಾಡಿ, ಊಟದ ಎರಡು ಮಣೆಗಳ ನಡುವೆ ಇಟ್ಟರು. ಇನ್ನು ಅದರ ಮೇಲೆ ಭಾರ ಹೇರಬೇಕು. ಊರಿನ ಮನೆಯಲ್ಲಾದರೆ ರುಬ್ಬುಗುಂಡು ಇತ್ತು, ಇಲ್ಲಿರುವುದು ಮಿಕ್ಸಿ. ಏನಿಡೋದು ಎಂದು ಅತ್ತೆ ಸುತ್ತಲೂ ನೋಡಿದರು. ಮಾವ ನನ್ನನ್ನು ನೋಡಿದರು. ಕುಸುಮಳೂ ನನ್ನನ್ನೇ ನೋಡಿದಳು.

"ಕೂತ್ಕಳಿ," ಎಂದರು ಮಾವ.

ಒಂದು ಗಂಟೆ ಕೂತೆ. ಹೊಸದಾಗಿ ಎಸರಿಟ್ಟು, ಮುದ್ದೆ ಮಾಡಿ ಎಲ್ಲರೂ ಉಂಡರು. ಫೋನು ಬಡಿದುಕೊಂಡರೂ ಏಳುವಂತಿಲ್ಲ, ಕೆರೆದುಕೊಳ್ಳಲೂ ಅಲುಗುವಂತಿಲ್ಲ. ಭಾರ ಸಾಲದೇನೋ ಎಂದು ಕುಸುಮ ನಯನಳನ್ನೂ ತಂದು ನನ್ನ ತೊಡೆಯ ಮೇಲೆ ಕೂರಿಸಿದಳು. ಮಗು ನನ್ನ ಮೀಸೆ ಎಳೆದುಕೊಂಡು ಕೇಕೆ ಹಾಕಿತು. ಆಮೇಲೆ ಮಣೆ ಎತ್ತಿ ನೋಡಿದರೆ ಎರಡೂ ಪಟ್ಟಿಗಳು ಅಡಿಕೋಲಿನಷ್ಟು ನೆಟ್ಟಗೆ! ಮಾವ ಅಲಗನ್ನು ಸೇರಿಸಿ, ಮೊಳೆಯ ಜಾಗಕ್ಕೆ ಹಿತ್ತಾಳೆ ತಂತಿ ತೂರಿಸಿ, ತುದಿ ಬಡಿದು ಕೂರಿಸಿದರು. ಅಲಗು ಸರಿಯಾಗಿ ನಡುವೆ ಹೋಗಿ ಕೂತಿತು. ಮಾವ ಮೂರು ಸಲ ಮಡಚಿ ಬಿಚ್ಚಿ, ನಕ್ಕುಬಿಟ್ಟರು.

ಮರುದಿನ ದೇವಸ್ಥಾನದ ಹತ್ತಿರ ಯತೀಶ ಮೊದಲ ಎಳೆ ತೆಗೆದ. ನಯನ ಅಳಲೂ ಇಲ್ಲ. ನೆಂಟರೆಲ್ಲ ಆ ಕತ್ತಿಯನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಡೊಂಕಾಗಿತ್ತಲ್ಲ, ಯಾರು ಸರಿ ಮಾಡಿದ್ದು ಎಂದು ಒಬ್ಬರು ಕೇಳಿದರು. ನಾನು ಕಾಲರ್ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದೆ.

"ನಮ್ಮ ಅಳಿಯಂದ್ರೇ," ಎಂದರು ಮಾವ. "ಅವರು ಕೆಲ್ಸ ಮಾಡೋಗಂಟ ಡೊಂಕಾಯ್ತಾನೇ ಓಯ್ತು. ಏನೂ ಮಾಡ್ದೆ ಸುಮ್ಕೆ ಕೂತ್ಕಂಡ್ರು ನೋಡಿ, ನೆಟ್ಟಗಾಗೋಯ್ತು."